ಕೋಳಿಯನ್ನು ನೋಡಿ ಕಟ್ಟಿದ ಗೂಡು

ಮನುಷ್ಯನು ತನಗಾಗಿ ಮನೆ ಕಟ್ಟಿಸುವಾಗ ಹತ್ತು ಮಂದಿಯನ್ನು ಕೇಳುತ್ತಾನೆ. ಬಾಗಿಲು ಯಾವ ದಿಕ್ಕಿಗೆ ಇರಬೇಕು, ಕಿಟಕಿ ಎಷ್ಟು ಬೇಕು, ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗಬೇಕು ಎಂದು ತಿಂಗಳುಗಟ್ಟಲೆ ಚಿಂತಿಸುತ್ತಾನೆ. ಹಿತ್ತಲಿನ ಕೋಳಿಗೆ ಗೂಡು ಕಟ್ಟುವ ಪ್ರಸಂಗ ಬಂದಾಗ ಮಾತ್ರ ಒಂದು ಹಳೆಯ ಪೆಟ್ಟಿಗೆ, ಒಂದು ಹಿಡಿ ಮೊಳೆ, ಒಂದು ತಗಡು ಇಷ್ಟಿದ್ದರೆ ಆಯಿತೆಂದು ಭಾವಿಸುತ್ತಾನೆ. ಕೋಳಿ ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಲಾರದು. ಅದು ಸತ್ತಾಗ ಮಾತ್ರ ಗೂಡಿನ ದೋಷ ಯಜಮಾನನ ಕಣ್ಣಿಗೆ ಬೀಳುತ್ತದೆ. ಆಗಲೂ ಎಷ್ಟೋ ಸಲ ದೋಷವನ್ನು ರೋಗದ ಮೇಲೆ ಹೊರಿಸಿ ಅವನು ಸುಮ್ಮನಾಗುತ್ತಾನೆ.

ವಿಜಯಪುರದಿಂದ ಸೊಲ್ಲಾಪುರಕ್ಕೆ ಹೋಗುವ ಹೆದ್ದಾರಿಯ ಮೇಲೆ ಹೊರ್ತಿ ಎಂಬ ಊರಿದೆ. ಇಂಡಿ ತಾಲೂಕಿಗೆ ಸೇರಿದ್ದು. ತಾಲೂಕಿನ ಉತ್ತರದ ಅಂಚಿನಲ್ಲಿ ಭೀಮಾ ನದಿ ಹರಿಯುತ್ತಿದ್ದರೂ ಈ ಸೀಮೆಯ ಎಷ್ಟೋ ಹೊಲಗಳು ಮುಗಿಲನ್ನೇ ನೆಚ್ಚಿಕೊಂಡಿವೆ. ಜೋಳ, ತೊಗರಿ, ಕಡಲೆ ಇಲ್ಲಿಯ ಬೆಳೆಗಳು. ಬಾವಿಯಲ್ಲಿ ಒಂದಿಷ್ಟು ನೀರಿದ್ದವರು ನಿಂಬೆಯ ಗಿಡ ಹಚ್ಚುತ್ತಾರೆ. ಇಂಡಿಯ ನಿಂಬೆಗೆ ೨೦೨೩ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆತು ದೂರದವರಿಗೂ ಅದರ ಹೆಸರು ಗೊತ್ತಾಯಿತು. ಏಪ್ರಿಲ್ ಮೇ ತಿಂಗಳುಗಳಲ್ಲಿ ಬಿಸಿಲು ೪೦ ಡಿಗ್ರಿಯನ್ನು ಮುಟ್ಟುವುದು, ದಾಟುವುದು ಇಲ್ಲಿಯ ಜನರಿಗೆ ಹೊಸತಲ್ಲ. ಮಧ್ಯಾಹ್ನದ ಹೊತ್ತು ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ಎರಿಮಣ್ಣು ಕೈ ತೂರುವಷ್ಟು ಬಿರಿದು ಬಾಯಿ ತೆರೆದಿರುತ್ತದೆ.

ಈ ಊರಿನ ಒಂದು ಮನೆ. ಮನೆಯ ಯಜಮಾನನು ವಿಜಯಪುರದ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಬೆಳಗಿನ ಬಸ್ಸಿಗೆ ಹೋಗಿ ರಾತ್ರಿಯ ಬಸ್ಸಿಗೆ ಮರಳುತ್ತಾನೆ. ಮನೆಯಲ್ಲಿ ಮುದುಕಿ ತಾಯಿ, ಹೆಂಡತಿ, ಇಂಡಿಯಲ್ಲಿ ಪದವಿಪೂರ್ವ ತರಗತಿಗೆ ಹೋಗುವ ಮಗಳು. ಹಿತ್ತಲಿನಲ್ಲಿ ಒಂಬತ್ತು ಕೋಳಿ. ಕೋಳಿಗಳು ಹೆಂಡತಿಯವು. ಅವುಗಳ ತತ್ತಿ ಮಾರಿ ಬಂದ ಹಣಕ್ಕೆ ಗಂಡಸರು ಕೈಯಿಕ್ಕುವ ವಾಡಿಕೆ ಆ ಮನೆಯಲ್ಲಿ ಎಂದೂ ಇರಲಿಲ್ಲ. ಅತ್ತೆಯ ಕಾಲದಲ್ಲಿ ಆ ಹಣದಿಂದ ಬಳೆ, ಕುಪ್ಪಸದ ಕಣ, ಜಾತ್ರೆಯ ಖರ್ಚು ಆಗುತ್ತಿತ್ತು. ಸೊಸೆಯ ಕಾಲಕ್ಕೆ ಅದು ಅಡಿಗೆಮನೆಯ ಮಾಡದಲ್ಲಿಟ್ಟ ಒಂದು ತಗಡಿನ ಡಬ್ಬಿಯಲ್ಲಿ ಕೂಡುತ್ತಿತ್ತು. ಮಗಳ ಮುಂದಿನ ವರ್ಷದ ಪುಸ್ತಕ, ಪರೀಕ್ಷೆಯ ಶುಲ್ಕ ಆ ಡಬ್ಬಿಯಿಂದಲೇ ಹೊರಡಬೇಕೆಂದು ತಾಯಿ ಮಗಳು ಗೊತ್ತುಮಾಡಿಕೊಂಡಿದ್ದರು.

ಹಳೆಯ ಮಣ್ಣಿನ ಮನೆ ಇದ್ದಾಗ ಕೋಳಿಗೆ ಗೂಡು ಎಂಬುದೇ ಇರಲಿಲ್ಲ. ಕತ್ತಲಾದೊಡನೆ ಅವು ತಾವಾಗಿ ಒಳಗೆ ಬರುತ್ತಿದ್ದವು. ಪಡಸಾಲೆಯ ಮೂಲೆಯಲ್ಲಿ ದೊಡ್ಡ ಬುಟ್ಟಿಯೊಂದನ್ನು ಅವುಗಳ ಮೇಲೆ ಬೋರಲಿಟ್ಟು, ಬುಟ್ಟಿಯ ಮೇಲೆ ಒಂದು ಕಲ್ಲು ಹೇರಿದರೆ ಬೆಳಗಿನವರೆಗೆ ಚಿಂತೆಯಿರಲಿಲ್ಲ. ಹಳೆಯ ಮನೆ ಹೋಗಿ ಸಿಮೆಂಟಿನ ಮನೆ ಬಂದಿತು. ನುಣುಪಾದ ನೆಲ ಬಂದಿತು. ಕೋಳಿ ಹಿತ್ತಲಿಗೆ ಹೋಯಿತು. ಅದರ ಹಿಂದೆಯೇ ಬೆಕ್ಕು ಬಂದಿತು. ಒಂದೇ ವಾರದಲ್ಲಿ ಆರು ಮರಿಗಳು ಕಾಣೆಯಾದವು.

ಯಜಮಾನನಿಗೆ ರೋಷವುಂಟಾಯಿತು. ಅಂಗಡಿಗೆ ಯಂತ್ರವೊಂದು ಬಂದಿದ್ದ ಹಲಗೆಯ ಪೆಟ್ಟಿಗೆಯನ್ನು ಕೇಳಿ ತಂದನು. ಒಂದು ಭಾನುವಾರ ಇಡೀ ದಿನ ಕುಳಿತು, ಹಲಗೆಗಳ ನಡುವಿನ ಸಂದುಗಳಿಗೆಲ್ಲ ತಗಡಿನ ಪಟ್ಟಿ ಬಡಿದನು. ಮೇಲೆ ತಗಡಿನ ಮುಚ್ಚಳ, ಮುಂದೆ ಒಂದು ಗಟ್ಟಿ ಬಾಗಿಲು, ಗಾಳಿಗೆಂದು ಮುಷ್ಟಿಯಷ್ಟು ಅಗಲದ ಎರಡು ತೂತು. ಗೋಡೆಯ ಮಗ್ಗುಲಲ್ಲಿ ಬಯಲಿಗೆ ಅದನ್ನಿಟ್ಟು, ಇನ್ನು ಇಲಿಯೂ ನುಗ್ಗಲಾರದೆಂದು ಹೆಮ್ಮೆಪಟ್ಟನು. ಅವನ ಮಾತು ಸುಳ್ಳಾಗಲಿಲ್ಲ. ಎರಡು ತಿಂಗಳ ಕಾಲ ಬೆಕ್ಕು ಆ ಗೂಡನ್ನು ಸುತ್ತಿ ಸುತ್ತಿ ಬೇಸತ್ತು ಹೋಯಿತು.

ಲಗ್ನಸರಾಯಿ ಬಂದಿತು. ಇಂಡಿಯಲ್ಲಿ ಹತ್ತಿರದ ನೆಂಟರೊಬ್ಬರ ಮದುವೆ. ಮನೆಗೆ ಮನೆಯೇ ಹೊರಡಬೇಕಾದುದರಿಂದ ಕೋಳಿಗಳನ್ನು ಗೂಡಿನಲ್ಲಿ ಕೂಡಿ, ಒಂದು ಬೋಗುಣಿ ನೀರಿಟ್ಟು, ಬಾಗಿಲಿಗೆ ಚಿಲಕ ಹಾಕಿ ಹೊರಟರು. ಹೊತ್ತು ಮುಳುಗುವ ವೇಳೆಗೆ ಮರಳಿ ಬಂದು ಬಾಗಿಲು ತೆರೆದಾಗ ಒಂದು ಕೋಳಿಯೂ ಹೊರಗೆ ಬರಲಿಲ್ಲ. ಐದು ಸತ್ತು ಬಿದ್ದಿದ್ದವು. ಉಳಿದ ನಾಲ್ಕು ರೆಕ್ಕೆ ಅಗಲಿಸಿಕೊಂಡು, ಕೊಕ್ಕು ತೆರೆದುಕೊಂಡು, ಬಾಗಿಲ ಬಳಿಯ ಮೂಲೆಗೆ ಒತ್ತಿಕೊಂಡು ಬಿದ್ದಿದ್ದವು. ಸತ್ತವುಗಳ ಮೈಮೇಲೆ ಹಲ್ಲಿನ ಗುರುತಿಲ್ಲ, ನೆತ್ತರಿನ ಹನಿಯಿಲ್ಲ. ಬೋಗುಣಿ ಮಗುಚಿಕೊಂಡಿತ್ತು.

ಹೆಂಡತಿ ಏನೂ ಅನ್ನಲಿಲ್ಲ. ಬದುಕಿದ್ದ ನಾಲ್ಕನ್ನು ಒಂದೊಂದಾಗಿ ಎತ್ತಿ ಬಚ್ಚಲ ಕಟ್ಟೆಯ ನೆರಳಿನಲ್ಲಿಟ್ಟು ಕೊಕ್ಕಿಗೆ ನೀರು ತಾಗಿಸಿದಳು. ಗಂಡನು, ಯಾವುದೋ ಬೇನೆ ಬಂದಿರಬೇಕೆಂದನು. ಮುದುಕಿ ಮಾತ್ರ ಗೂಡಿನೊಳಗೆ ಕೈಯಿಟ್ಟು ನೋಡಿ, ಕೈ ಹಿಂದಕ್ಕೆ ಎಳೆದುಕೊಂಡಳು.

"ಬೆಕ್ಕ ಒಳಗ ಹೋಗಬಾರದಂತ ಮಾಡಿದ್ಯೋ ತಮ್ಮಾ. ಗಾಳೀನೂ ಒಳಗ ಹೋಗದಾಂಗ ಮಾಡಿದಿ. ನಮ್ಮ ಬುಟ್ಟಿಗೆ ಮೈತುಂಬ ಕಣ್ಣ ಇದ್ದುವು."

ಮಗನಿಗೆ ಆ ಮಾತು ಒಪ್ಪಿಗೆಯಾಗಲಿಲ್ಲ. ಮರುದಿನ ಸತ್ತ ಕೋಳಿಯೊಂದನ್ನು ಚೀಲದಲ್ಲಿ ಕಟ್ಟಿಕೊಂಡು ಪಶುವೈದ್ಯರ ಬಳಿಗೆ ಹೋದನು. ವೈದ್ಯರು ಕೋಳಿಯನ್ನು ನೋಡುವುದಕ್ಕಿಂತ ಮೊದಲು ಕೇಳಿದ ಪ್ರಶ್ನೆ ಒಂದೇ: "ಗೂಡಿಗೆ ಗಾಳಿ ಆಡಲಿಕ್ಕೆ ಎಷ್ಟು ಜಾಗ ಬಿಟ್ಟೀರಿ?" ಅವನು ತನ್ನ ಮುಷ್ಟಿಯನ್ನು ತೋರಿಸಿದನು. ತೋರಿಸುತ್ತಿರುವಾಗಲೇ ಅವನಿಗೆ ಉತ್ತರ ತಿಳಿದಂತಾಯಿತು.

ಕೋಳಿಯ ದೇಹದ ರೀತಿ ಮನುಷ್ಯನ ದೇಹದಂತಲ್ಲ. ಅದರ ಮೈಯ ಶಾಖ ಸುಮಾರು ೪೧ ಡಿಗ್ರಿ, ಅಂದರೆ ನಮಗೆ ಕಡುಜ್ವರವೆನಿಸುವ ಮಟ್ಟ. ಅದಕ್ಕೆ ಬೆವರಿನ ಗ್ರಂಥಿಗಳಿಲ್ಲ. ಮೈತುಂಬ ಗರಿಯ ಹೊದಿಕೆ ಬೇರೆ. ಸೆಕೆಯಾದಾಗ ಅದಕ್ಕಿರುವ ದೊಡ್ಡ ಉಪಾಯವೆಂದರೆ ಕೊಕ್ಕು ತೆರೆದು ಏದುವುದು. ಏದಿದಾಗ ಗಂಟಲಿನ, ಶ್ವಾಸನಾಳದ ತೇವ ಆವಿಯಾಗುತ್ತದೆ. ಆವಿಯ ಜೊತೆಗೆ ಶಾಖವೂ ಹೊರಗೆ ಹೋಗುತ್ತದೆ. ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಇದೇ ನ್ಯಾಯದಿಂದ. ಗಾಳಿಯಾಡುವ ಕಡೆ ಇಟ್ಟ ಗಡಿಗೆ ತಣ್ಣಗಿರುತ್ತದೆ. ಮುಚ್ಚಿದ ಕೋಣೆಯಲ್ಲಿಟ್ಟರೆ ಅಷ್ಟು ತಣ್ಣಗಾಗದು. ಮುಚ್ಚಿದ ಪೆಟ್ಟಿಗೆಯಲ್ಲಿ ಒಂಬತ್ತು ಕೋಳಿ ಏದತೊಡಗಿದರೆ ಅವುಗಳ ಉಸಿರಿನಿಂದಲೂ ಹಿಕ್ಕೆಯಿಂದಲೂ ಒಳಗಿನ ಗಾಳಿಯೆಲ್ಲ ತೇವದಿಂದ ತುಂಬುತ್ತದೆ. ತೇವ ತುಂಬಿದ ಗಾಳಿಯಲ್ಲಿ ಆವಿ ಏಳುವುದಿಲ್ಲ. ಆಗ ಏದಿದಷ್ಟೂ ಶ್ರಮವೇ ಹೊರತು ಫಲವಿಲ್ಲ. ಮೇಲಿನಿಂದ ಕಾದ ತಗಡು, ಕೆಳಗಿನಿಂದ ಕೊಳೆತ ಹಿಕ್ಕೆಯ ಘಾಟು. ಹೊರ್ತಿಯ ಬಿಸಿಲಿನಲ್ಲಿ ನಿಂತ ಆ ಪೆಟ್ಟಿಗೆ ಒಂದು ಮುಚ್ಚಿದ ಪಾತ್ರೆಯಾಗಿತ್ತು.

ರೋಗದ ಶಂಕೆಯೂ ಆಧಾರವಿಲ್ಲದ್ದೇನಲ್ಲ. ಕೋಳಿಗಳಿಗೆ ರಾಣಿಖೇತ ಎಂಬ ಹೆಮ್ಮಾರಿಯಿದೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿ ೧೯೨೬ರಲ್ಲಿ ಕಂಡುಬಂದ ರೋಗವೇ ಇದು. ಮುಂದೆ ಸ್ವಲ್ಪ ಕಾಲದಲ್ಲಿಯೇ ಕುಮಾವೂ ಬೆಟ್ಟಗಳ ರಾಣಿಖೇತದಲ್ಲಿ ಗುರುತಿಗೆ ಸಿಕ್ಕಿದ್ದರಿಂದ ನಮ್ಮ ದೇಶದಲ್ಲಿ ಆ ಹೆಸರು ನಿಂತಿತು. ಹಸಿರು ಹಿಕ್ಕೆ, ಏದುಸಿರು, ತಿರುಚಿದ ಕತ್ತು ಇದರ ಲಕ್ಷಣಗಳು. ಬಂದ ಮೇಲೆ ಮದ್ದಿಲ್ಲ. ಮರಿ ಒಂದು ವಾರದ್ದಿರುವಾಗ ಕಣ್ಣಿಗೋ ಮೂಗಿಗೋ ಲಸಿಕೆಯ ಹನಿ, ಎಂಟನೆಯ ವಾರದ ಹೊತ್ತಿಗೆ ಚುಚ್ಚುಮದ್ದು ಹಾಕಿಸಿದರೆ ರಕ್ಷಣೆಯುಂಟು. ರೋಗದಿಂದ ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಅವನ್ನು ಬರಿಗೈಯಿಂದ ಮುಟ್ಟದೆ, ಬೀದಿಗೂ ಹಳ್ಳಕ್ಕೂ ಎಸೆಯದೆ, ಪಶುವೈದ್ಯರಿಗೆ ತಿಳಿಸಿ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು. ರೋಗವನ್ನು ಲಸಿಕೆ ತಡೆದೀತು. ಕೆಟ್ಟ ಗೂಡಿಗೆ ಲಸಿಕೆಯಿಲ್ಲ.

ಎರಡನೆಯ ಗೂಡು ಕಟ್ಟುವ ಮಾತು ಬಂದಾಗ ಹೆಂಡತಿ ಬಾಯಿಬಿಟ್ಟಳು.

"ಈ ಸಲ ಅಳತಿ ನಾ ಹೇಳತೀನ್ರಿ. ನೀವು ಕೊಯ್ಯೂದು, ಬಡಿಯೂದು ಅಷ್ಟ ಮಾಡ್ರಿ."

ಅವಳು ಅಳತೆಯನ್ನು ಪಟ್ಟಿಯಿಂದ ತೆಗೆಯಲಿಲ್ಲ. ಉಳಿದ ನಾಲ್ಕು ಕೋಳಿಗಳನ್ನು ಎರಡು ದಿನ ಸುಮ್ಮನೆ ನೋಡಿದಳು. ಮಧ್ಯಾಹ್ನದಲ್ಲಿ ಅವು ಎಲ್ಲಿ ಹೋಗಿ ಕೂಡುತ್ತವೆ? ಹಿತ್ತಲಿನ ಬೇವಿನ ಮರದ ಬುಡದಲ್ಲಿ, ಅದೂ ಉತ್ತರದ ಮಗ್ಗುಲಿಗೆ. ಸಂಜೆ ಎಲ್ಲಿ ಹತ್ತಲು ನೋಡುತ್ತವೆ? ಬೇವಿನ ಕೆಳಗಿನ ಟೊಂಗೆಗೆ. ತತ್ತಿಯಿಡಲು ಎಲ್ಲಿ ನುಸುಳುತ್ತವೆ? ಸೌದೆಯ ಒಟ್ಟಿಲಿನ ಹಿಂದಿನ ಕತ್ತಲೆಗೆ. ಗೂಡಿನ ನಕಾಶೆಯನ್ನು ಕೋಳಿಗಳೇ ಹೀಗೆ ಹಿತ್ತಲಿನಲ್ಲಿ ಬರೆದಿಟ್ಟಿದ್ದವು.

ಅದಕ್ಕೆ ಕಾರಣವೂ ಉಂಟು. ಮನೆಕೋಳಿಯ ಮೂಲ ಪುರುಷ ಕಾಡಿನ ಕೆಂಪುಕೋಳಿ. ಅದು ಹಗಲೆಲ್ಲ ನೆಲ ಕೆದರಿ ತಿಂದು ರಾತ್ರಿ ಮರವೇರುವ ಹಕ್ಕಿ. ೨೦೨೨ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ ನಿಶ್ಚಿತವಾಗಿ ಸಾಕುಕೋಳಿಯದೆನ್ನಬಹುದಾದ ಅತಿ ಹಳೆಯ ಎಲುಬುಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬಲ್ಲಿ ದೊರೆತವು. ಅವುಗಳ ಕಾಲ ಕ್ರಿಸ್ತಪೂರ್ವ ೧೬೫೦ರಿಂದ ೧೨೫೦ರ ನಡುವಿನದು. ಭತ್ತ, ನವಣೆಯಂಥ ಕಾಳುಗಳ ರಾಶಿ ಕಾಡಿನ ಹಕ್ಕಿಯನ್ನು ಮನುಷ್ಯನ ಬಳಿಗೆ ಕರೆತಂದಿರಬೇಕೆಂದು ವಿದ್ವಾಂಸರ ತರ್ಕ. ಕಾಳಿನ ಆಸೆಗೆ ಕೋಳಿ ಮರದಿಂದ ಇಳಿದು ಅಂಗಳಕ್ಕೆ ಬಂದಿತು. ಆದರೆ ಇರುಳಾದೊಡನೆ ಟೊಂಗೆಯ ನೆನಪು ಅದನ್ನು ಇಂದಿಗೂ ಬಿಟ್ಟಿಲ್ಲ.

ಹೊಸ ಗೂಡಿನ ಜಾಗ ಬೇವಿನ ನೆರಳಿನಲ್ಲಿ ನಿಶ್ಚಯವಾಯಿತು. ಉದ್ದ ೬ ಅಡಿ, ಅಗಲ ೪ ಅಡಿ. ಉದ್ದವನ್ನು ಪೂರ್ವ ಪಶ್ಚಿಮವಾಗಿ ಇಡಲಾಯಿತು. ಹಾಗಿಟ್ಟರೆ ಅಗಲವಾದ ಎರಡು ಮೈಗಳು ಉತ್ತರಕ್ಕೂ ದಕ್ಷಿಣಕ್ಕೂ ಬರುತ್ತವೆ. ಮುಂಜಾನೆ ಸಂಜೆಯ ಓರೆ ಬಿಸಿಲು ಗಿಡ್ಡ ಗೋಡೆಗಳಿಗೆ ಬಡಿದು ನಿಲ್ಲುತ್ತದೆ, ಒಳಗೆ ನುಗ್ಗುವುದಿಲ್ಲ. ರಾತ್ರಿಯ ವಾಸಕ್ಕೆ ಕೋಳಿಯೊಂದಕ್ಕೆ ಸುಮಾರು ೩ ಚದರಡಿ ನೆಲ ಬೇಕೆಂದು ಲೆಕ್ಕ ಹಿಡಿದರೆ ೨೪ ಚದರಡಿಯಲ್ಲಿ ಎಂಟು ಕೋಳಿ ಸುಖವಾಗಿರುತ್ತವೆ. ಒಂಬತ್ತನೆಯದಕ್ಕೆ ಆಸೆಪಡಬಾರದೆಂದು ಅವಳು ಮೊದಲೇ ಗೆರೆ ಹಾಕಿದಳು.

ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಅದರಲ್ಲಿ ನೇರವಾಗಿ ನೆಟ್ಟ ಕಂಬ ಎರಡು ವರ್ಷಕ್ಕೆ ವಾಲುತ್ತದೆ. ಆದುದರಿಂದ ಮೊದಲು ಒಂದೂವರೆ ಅಡಿ ಮಣ್ಣು ತೆಗೆದು ಗರಸು ತುಂಬಿ ಧಮ್ಮಸು ಮಾಡಿದರು. ಅದರ ಮೇಲೆ ಕಾಡುಕಲ್ಲಿನ ಒಂದು ಅಡಿ ಎತ್ತರದ ಕಟ್ಟೆ. ಕಟ್ಟೆಯ ಮೇಲೆ, ಮನೆ ಕಟ್ಟಿದಾಗ ಉಳಿದಿದ್ದ ಫರಸಿ ಕಲ್ಲಿನ ಹಾಸು. ಹೆಗ್ಗಣ ಕೆಳಗಿನಿಂದ ಕೊರೆದು ಬರುವ ಭಯ ಇದರಿಂದ ಹೋಯಿತು. ಮಳೆಯ ನೀರು ಒಳಗೆ ನಿಲ್ಲುವ ಭಯವೂ ಹೋಯಿತು. ಕಲ್ಲು ಹಾಸಲು ಅನುಕೂಲವಿಲ್ಲದವರು ತಂತಿಯ ಜಾಲರಿಯನ್ನು ಗೋಡೆಯ ಬುಡದಲ್ಲಿ ನೇರವಾಗಿ ನಿಲ್ಲಿಸದೆ, ಹೊರಮಗ್ಗುಲಿಗೆ ಒಂದು ಅಡಿ ಮಡಿಸಿ ಮಣ್ಣಿನಡಿ ಹೂಳಬಹುದು. ಅಗೆಯುವ ಪ್ರಾಣಿ ಸಾಮಾನ್ಯವಾಗಿ ಗೋಡೆಗೆ ತಾಗಿಯೇ ಅಗೆಯತೊಡಗುತ್ತದೆ. ಜಾಲರಿ ಉಗುರಿಗೆ ತಾಗಿದ ಮೇಲೆ ಎರಡು ಹೆಜ್ಜೆ ಹಿಂದೆ ಸರಿದು ಅಗೆಯುವಷ್ಟು ಯುಕ್ತಿ ಅದಕ್ಕೆ ಹೊಳೆಯುವುದು ಅಪರೂಪ.

ಪೂರ್ವ ಪಶ್ಚಿಮದ ಗೋಡೆಗಳನ್ನು ಇಟ್ಟಿಗೆಯಿಂದ ಪೂರ್ತಿಯಾಗಿ ಕಟ್ಟಿದರು. ಉತ್ತರ ದಕ್ಷಿಣದಲ್ಲಿ ಒಂದು ಅಡಿಯಷ್ಟೇ ಗೋಡೆ, ಅದರ ಮೇಲೆಲ್ಲ ಜಾಲರಿ. ಇಲ್ಲಿ ಗಂಡನೂ ಒಂದು ಮಾತು ಗೆದ್ದನು. ಅಂಗಡಿಯಲ್ಲಿ 'ಕೋಳಿ ಜಾಲರಿ' ಎಂದು ಕೊಡುವ ಆರುಮೂಲೆಯ ತೆಳು ತಂತಿಯ ಬಲೆ ಬೇಡವೆಂದನು. ಆ ಬಲೆ ಕೋಳಿಯನ್ನು ಒಳಗೆ ತಡೆಯುತ್ತದೆಯೇ ಹೊರತು ನಾಯಿಯನ್ನು ಹೊರಗೆ ತಡೆಯಲಾರದು. ಅದರ ಕಣ್ಣಿನಲ್ಲಿ ಬೆಕ್ಕಿನ ಪಂಜ ತೂರುತ್ತದೆ, ಇಲಿ ನುಸುಳುತ್ತದೆ. ಅರ್ಧ ಅಂಗುಲದ ಕಣ್ಣುಳ್ಳ, ಬೆಸುಗೆ ಹಾಕಿದ ಗಟ್ಟಿ ಜಾಲರಿಯನ್ನು ತಂದು ಚೌಕಟ್ಟಿಗೆ ಗೇಣಿಗೊಂದರಂತೆ ಮೊಳೆ ಬಡಿದನು. ಬೆಕ್ಕು, ಮುಂಗುಸಿ, ಹಾವು ಇವುಗಳ ಮೇಲೆ ಅವನಿಗಿದ್ದ ಎಚ್ಚರಿಕೆ ತಪ್ಪಾಗಿರಲಿಲ್ಲ. ಮೊದಲ ಗೂಡಿನಲ್ಲಿ ಅವನು ಬೆಕ್ಕನ್ನು ಮಾತ್ರ ನೋಡಿದ್ದನು, ಕೋಳಿಯನ್ನು ನೋಡಿರಲಿಲ್ಲ. ಅಷ್ಟೇ ಅವನ ತಪ್ಪು.

ಮಾಡಿಗೆ ಹಳೆಯ ತಗಡನ್ನೇ ಬಳಸಿದರು. ಆದರೆ ಹಾಗೆಯೇ ಬಿಡಲಿಲ್ಲ. ಮೇಲ್ಮೈಗೆ ದಟ್ಟವಾಗಿ ಸುಣ್ಣ ಬಳಿದರು. ಬಿಳಿಯ ಬಣ್ಣ ಬಿಸಿಲನ್ನು ಹಿಂದಕ್ಕೆ ಹೊಡೆಯುತ್ತದೆ. ಬೇಸಗೆಯಲ್ಲಿ ಅದರ ಮೇಲೆ ಜೋಳದ ಕಣಿಕೆಯ ಹಾಸು ಹೊದಿಸಿದರೆ ಶಾಖ ಇನ್ನೂ ತಗ್ಗುತ್ತದೆ. ಮಾಡಿನ ಅಂಚು ಗೋಡೆಯಿಂದ ಎರಡು ಅಡಿ ಮುಂದಕ್ಕೆ ಚಾಚಿತು. ಗೋಡೆಗೂ ಮಾಡಿಗೂ ನಡುವೆ ಒಂದು ಗೇಣು ಸಂದು ಬಿಟ್ಟು ಅದಕ್ಕೂ ಜಾಲರಿ ಹೊಡೆದರು. ಕಾದ ಗಾಳಿ ಮೇಲಕ್ಕೇರುವುದು ಅದರ ಸ್ವಭಾವ. ಮೇಲೆ ದಾರಿಯಿದ್ದರೆ ಅದು ತಾನಾಗಿ ಹೊರಟುಹೋಗುತ್ತದೆ, ಕೆಳಗಿನಿಂದ ತಂಪು ಗಾಳಿ ಒಳಗೆ ಬರುತ್ತದೆ.

ಜಾಲರಿಯ ಎರಡೂ ಮಗ್ಗುಲಿಗೆ ಗೋಣಿತಟ್ಟಿನ ಪರದೆ ಕಟ್ಟಿದರು. ಮಳೆಯ ಇರಚಲು ಬಂದಾಗ, ಚಳಿಗಾಲದ ಇರುಳಿನಲ್ಲಿ ಅದನ್ನು ಇಳಿಬಿಡಬೇಕು. ಆಗಲೂ ಮೇಲಿನ ಒಂದು ಗೇಣು ತೆರೆದೇ ಇರಬೇಕು. ಮೈ ಒಣಗಿದ್ದು ನೇರವಾದ ಗಾಳಿ ಬಡಿಯದಿದ್ದರೆ ನಮ್ಮ ಕಡೆಯ ಚಳಿ ಕೋಳಿಗೆ ದೊಡ್ಡದಲ್ಲ. ಗರಿಯೇ ಅದರ ಕಂಬಳಿ. ಕಡುಬೇಸಗೆಯ ಮಧ್ಯಾಹ್ನದಲ್ಲಿ ಅದೇ ಗೋಣಿತಟ್ಟನ್ನು ಒಂದು ಮಗ್ಗುಲಿಗೆ ಇಳಿಬಿಟ್ಟು ನೀರು ಚಿಮುಕಿಸಿದರೆ ಒಣಗಾಳಿ ತಂಪಾಗಿ ಒಳಗೆ ಸುಳಿಯುತ್ತದೆ. ಎದುರಿನ ಮಗ್ಗುಲು ಮಾತ್ರ ತೆರೆದಿರಬೇಕು. ಎರಡೂ ಮುಚ್ಚಿ ನೀರು ಹೊಡೆದರೆ ಮತ್ತೆ ಹಳೆಯ ಪೆಟ್ಟಿಗೆಯ ಗತಿಯೇ.

ಒಳಗೆ, ನೆಲದಿಂದ ಎರಡು ಅಡಿ ಎತ್ತರದಲ್ಲಿ, ಉದ್ದಕ್ಕೂ ಒಂದು ಜಾಲಿಯ ಗಳವನ್ನು ಅಡ್ಡಲಾಗಿ ಕೂಡಿಸಿದರು. ಇದೇ ಕೋಳಿಯ ಟೊಂಗೆ. ಸುಮಾರು ೨ ಅಂಗುಲ ದಪ್ಪ, ಮೂಲೆಗಳನ್ನು ಕೆತ್ತಿ ನುಣುಪು ಮಾಡಿದ್ದು. ಕೋಳಿಯೊಂದಕ್ಕೆ ೯ ಅಂಗುಲದಂತೆ ೬ ಅಡಿಯಲ್ಲಿ ಎಂಟು ಕೂಡುತ್ತವೆ. ಗಳ ಎರಡಾದರೆ ಎರಡೂ ಒಂದೇ ಎತ್ತರದಲ್ಲಿದ್ದರೆ ಒಳ್ಳೆಯದು. ಏಕೆಂದರೆ ಕೋಳಿಗಳ ಸಮಾಜದಲ್ಲಿ ಹಿರಿಕಿರಿತನದ ಭಾವನೆ ಬಲವಾಗಿದೆ. ಯಾರು ಯಾರನ್ನು ಕುಕ್ಕಬಹುದು, ಯಾರು ಕುಕ್ಕಿಸಿಕೊಳ್ಳಬೇಕು ಎಂಬ ಶ್ರೇಣಿಯನ್ನು ೧೯೨೦ರ ದಶಕದ ಆರಂಭದಲ್ಲಿ ಶಾಸ್ತ್ರೀಯವಾಗಿ ವಿವರಿಸಿದವನು ನಾರ್ವೆ ದೇಶದ ಶೆಲ್ಡೆರಪ್-ಎಬ್ಬೆ. ಬಾಲ್ಯದಿಂದಲೇ ಅವನು ಕೋಳಿಗಳನ್ನು ನೋಡುತ್ತ ಕೂಡುತ್ತಿದ್ದನಂತೆ. ಒಂದು ಗಳ ಮೇಲೆ, ಒಂದು ಕೆಳಗೆ ಇದ್ದರೆ ಪ್ರತಿ ಸಂಜೆಯೂ ಮೇಲಿನ ಪೀಠಕ್ಕಾಗಿ ಜಗಳವಾಗುತ್ತದೆ. ಈ ಗುಣ ಕೋಳಿಗಳಲ್ಲಿ ಮಾತ್ರವೇ ಇದೆಯೆಂದು ಹೇಳಲು ಧೈರ್ಯ ಸಾಲದು.

ತತ್ತಿಯಿಡುವ ಗೂಡಿನ ಮಾತು ಬಂದಾಗ ಮಗಳಿಗೆ ಒಂದು ಉಪಾಯ ಹೊಳೆಯಿತು. ಬಚ್ಚಲ ಹಿಂದೆ ಎಸೆದಿದ್ದ ಹಳೆಯ ಪೆಟ್ಟಿಗೆಯ ಹಲಗೆಗಳನ್ನೇ ಬಿಚ್ಚಿ, ಉದ್ದ ಅಗಲ ಎತ್ತರ ಮೂರೂ ಒಂದೊಂದು ಅಡಿಯ ಎರಡು ಪುಟ್ಟ ಗೂಡುಗಳನ್ನು ಮಾಡಬಾರದೇಕೆ? ನಾಲ್ಕೈದು ಹೇಂಟೆಗಳಿಗೆ ಒಂದರಂತೆ ಎರಡು ಸಾಕು. ಮುಂದಿನ ಮಗ್ಗುಲು ಪೂರ್ತಿ ತೆರೆದದ್ದು, ಬುಡದಲ್ಲಿ ಮಾತ್ರ ನಾಲ್ಕು ಅಂಗುಲದ ಪಟ್ಟಿ. ತತ್ತಿಯಿಡುವ ಹೊತ್ತಿನಲ್ಲಿ ಹೇಂಟೆ ಬಯಸುವುದು ಏಕಾಂತವನ್ನು, ನಸುಗತ್ತಲೆಯನ್ನು. ಇಡೀ ದಿನ ಕೂಡಿಹಾಕಿದಾಗ ಪ್ರಾಣ ತೆಗೆದ ಅದೇ ಹಲಗೆ ಸ್ವಲ್ಪ ಹೊತ್ತಿನ ಮರೆಯಾಗಿ ಅದಕ್ಕೆ ಪ್ರಿಯವಾಯಿತು. ಈ ಗೂಡುಗಳು ಕೂಡುವ ಗಳಕ್ಕಿಂತ ಕೆಳಗಿರಬೇಕು. ಇಲ್ಲವಾದರೆ ಕೋಳಿಗಳು ರಾತ್ರಿ ಅಲ್ಲಿಯೇ ಮಲಗಿ ಹಾಸನ್ನು ಕೆಡಿಸುತ್ತವೆ.

ನೆಲದ ಮೇಲೆ ಮೂರು ಅಂಗುಲ ದಪ್ಪ ಶೇಂಗಾದ ಸಿಪ್ಪೆ, ಜೋಳದ ಹೊಟ್ಟು ಹರಡಿದರು. ಹಿಕ್ಕೆಯ ತೇವವನ್ನು ಅದು ಹೀರುತ್ತದೆ. ಎರಡು ದಿನಕ್ಕೊಮ್ಮೆ ಕೆದಕಿ, ಒದ್ದೆಯಾದುದನ್ನು ತೆಗೆದು, ಒಂದಿಷ್ಟು ಸುಣ್ಣದ ಪುಡಿ ಉದುರಿಸಬೇಕು. ಗೂಡು ಸರಿಯಾಗಿದೆಯೆ ಎಂದು ತಿಳಿಯಲು ಬೆಳಿಗ್ಗೆ ಬಾಗಿಲು ತೆರೆದು ಕೋಳಿಯ ಎತ್ತರಕ್ಕೆ ಬಗ್ಗಿ ಮೂಸಿ ನೋಡಬೇಕು. ಮೂಗಿಗೆ ಘಾಟು ಹೊಡೆದರೆ ಹಾಸು ಒದ್ದೆಯಾಗಿದೆ ಅಥವಾ ಗಾಳಿ ಸಾಲದು. ತೆಗೆದ ಹಾಸನ್ನು ಹಸಿಯಾಗಿಯೇ ಗಿಡಕ್ಕೆ ಹಾಕಿದರೆ ಬೇರು ಸುಡುತ್ತದೆ. ಕೆಲವು ತಿಂಗಳು ತಿಪ್ಪೆಯಲ್ಲಿ ಕಳಿತ ಮೇಲೆ ಅದು ನಿಂಬೆಗೆ ಒಳ್ಳೆಯ ಗೊಬ್ಬರ. ಗೂಡಿನ ಹೊರಗೆ ಬೂದಿ ಮಣ್ಣು ಬೆರೆಸಿದ ಒಂದು ಕುಣಿಯನ್ನೂ ಬಿಡಬೇಕು. ಕೋಳಿ ಅದರಲ್ಲಿ ಹೊರಳಿ ಮೈಯ ಹೇನುಗಳನ್ನು ಕಳೆದುಕೊಳ್ಳುತ್ತದೆ. ಧೂಳೇ ಅದರ ಸ್ನಾನ. ನೀರಿನ ಪಾತ್ರೆಯನ್ನು ಇಟ್ಟಿಗೆಗಳ ನಡುವೆ ಮಗುಚದಂತೆ ಕೂಡಿಸಬೇಕು. ಕೋಳಿಯೊಂದು ದಿನಕ್ಕೆ ಕಾಲು ಲೀಟರಿನಷ್ಟು ಕುಡಿಯುತ್ತದೆ. ಬೇಸಗೆಯಲ್ಲಿ ಅದರ ಇಮ್ಮಡಿ ಬೇಕು. ಉರಿಬಿಸಿಲಿನ ದಿನಗಳಲ್ಲಿ ಕಾಳನ್ನು ಮುಂಜಾನೆ ಸಂಜೆಯ ತಂಪಿನಲ್ಲಿ ಹಾಕಬೇಕು. ಅನ್ನ ಅರಗುವಾಗಲೂ ಮೈಯಲ್ಲಿ ಶಾಖ ಹುಟ್ಟುತ್ತದೆ.

ಗೂಡು ಮುಗಿದ ಮೇಲೆ ನಾಲ್ಕು ಕೋಳಿಗಳ ಜೊತೆಗೆ ನಾಲ್ಕು 'ಗಿರಿರಾಜ' ಮರಿಗಳು ಬಂದವು. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದವರು ಹಿತ್ತಲಿನ ಸಾಕಣೆಗೆಂದೇ ಸಿದ್ಧಪಡಿಸಿ ೧೯೮೯ರಲ್ಲಿ ಬಿಡುಗಡೆ ಮಾಡಿದ ತಳಿ ಇದು. ಮುಂದೆ ೨೦೦೫ರಲ್ಲಿ 'ಸ್ವರ್ಣಧಾರಾ' ಎಂಬುದೂ ಬಂದಿತು. ನಾಡಕೋಳಿ ವರ್ಷಕ್ಕೆ ೬೦ರಿಂದ ೮೦ ತತ್ತಿಯಿಟ್ಟರೆ ಗಿರಿರಾಜ ೧೩೦ರಿಂದ ೧೫೦ ಇಡುತ್ತದೆ. ಆದರೆ ಅದು ಭಾರವಾದ ಹಕ್ಕಿ. ಎತ್ತರದ ಗಳದಿಂದ ಧುಮುಕಿದರೆ ಕಾಲಿಗೆ ಪೆಟ್ಟು. ಗಳವನ್ನು ಎರಡೇ ಅಡಿಗೆ ನಿಲ್ಲಿಸಿದ್ದರ ಗುಟ್ಟು ಇದು. ಅದಕ್ಕೆ ಕಾವಿಗೆ ಕೂಡುವ ಬುದ್ಧಿಯೂ ಕಡಿಮೆ. ೨೧ ದಿನ ಅನ್ನನೀರು ಮರೆತು ತತ್ತಿಯ ಮೇಲೆ ಕೂಡುವ ಸಹನೆ ನಾಡಹೇಂಟೆಗೇ ಸೇರಿದ್ದು. ಎರಡೂ ಒಂದೇ ಗೂಡಿನಲ್ಲಿದ್ದರೆ ಒಂದರ ಕೊರತೆಯನ್ನು ಮತ್ತೊಂದು ತುಂಬುತ್ತದೆ.

ನಗರದಲ್ಲಿರುವ ಗೃಹಸ್ಥರು ಇದೆಲ್ಲ ಹಳ್ಳಿಯ ಮಾತೆಂದು ಪುಟ ತಿರುವಬೇಕಾಗಿಲ್ಲ. ಹುಬ್ಬಳ್ಳಿ, ಮೈಸೂರುಗಳ ಬಡಾವಣೆಗಳಲ್ಲಿಯೂ ಮನೆಯ ಹಿಂದೆ ಹತ್ತು ಅಡಿ ನೆಲವುಳ್ಳವರು ನಾಲ್ಕು ಹೇಂಟೆ ಸಾಕುವುದುಂಟು. ಹಾಗೆ ಸಾಕುವವರು ಸ್ಥಳೀಯ ನಿಯಮವನ್ನೂ ನೆರೆಯವರ ಮನಸ್ಸನ್ನೂ ಮೊದಲೇ ತಿಳಿದುಕೊಳ್ಳುವುದು ಮೇಲು. ತತ್ತಿಗೆ ಹುಂಜ ಬೇಕಾಗಿಲ್ಲ. ಹುಂಜವಿಲ್ಲದಿದ್ದರೆ ನಸುಕಿನ ಕೂಗೂ ಇಲ್ಲ, ಅದರಿಂದ ಹುಟ್ಟುವ ತಂಟೆಯೂ ಇಲ್ಲ. ಊರು ಯಾವುದಾದರೂ ನಿಯಮ ಒಂದೇ. ಹಲ್ಲು ಉಗುರುಗಳಿಗೆ ಬಾಗಿಲು ಮುಚ್ಚಿರಬೇಕು, ಗಾಳಿಗೆ ತೆರೆದಿರಬೇಕು. ಈ ಎರಡನ್ನೂ ಒಟ್ಟಿಗೆ ಸಾಧಿಸುವುದೇ ಗೂಡು ಕಟ್ಟುವ ವಿದ್ಯೆ. ಮುದುಕಿಯ ಬುಟ್ಟಿಗೆ ಈ ವಿದ್ಯೆ ಮೊದಲೇ ಗೊತ್ತಿತ್ತು.

ಮತ್ತೊಂದು ಏಪ್ರಿಲ್ ಬಂದಿತು. ಮತ್ತೊಂದು ಲಗ್ನದ ಕರೆಯೂ ಬಂದಿತು. ಈ ಸಲ ಎಲ್ಲರೂ ಹೋದರು, ಮುದುಕಿಯೊಬ್ಬಳು ಮನೆಯಲ್ಲಿ ಉಳಿದಳು. ಗೂಡಿನ ಮೇಲೆ ಸೊಸೆಗೆ ನಂಬಿಕೆ ಇರಲಿಲ್ಲವೆಂದಲ್ಲ. ಆದರೂ ನಡುಮಧ್ಯಾಹ್ನಕ್ಕೆ ಗೋಣಿತಟ್ಟಿಗೆ ನೀರು ಚಿಮುಕಿಸುವ ಕೈಯೊಂದು ಇರಲೆಂದು ಅವಳು ಕೇಳಿಕೊಂಡಿದ್ದಳು. ಸಂಜೆ ಮರಳಿ ಬಂದು, ಉಟ್ಟ ಜರಿಯ ಸೀರೆಯಲ್ಲಿಯೇ ಅವಳು ಹಿತ್ತಲಿಗೆ ನಡೆದಳು. ಕೋಳಿಗಳು ಆಗಲೇ ಗಳವೇರಿ, ಎಂದಿನ ಕುಕ್ಕಾಟ ಮುಗಿಸಿ, ಒಂದರ ಮಗ್ಗುಲಿಗೊಂದು ಕುಳಿತಿದ್ದವು.

"ಎಷ್ಟ ಅದಾವ ನೋಡು," ಎಂದನು ಹಿಂದೆ ಬಂದು ನಿಂತ ಗಂಡ.

ಅವಳು ಬೆರಳು ಮಡಿಸಿ ಎಣಿಸಿದಳು. ಎಂಟೂ ಇದ್ದವು. ಬೇವಿನ ಬುಡದಲ್ಲಿ ಹಳೆಯ ಬೆಕ್ಕು ಕುಳಿತು, ಜಾಲರಿಯ ಆಚೆಗಿನ ಆ ಸಾಲನ್ನು ಕಣ್ಣು ಕೀಲಿಸಿ ನೋಡುತ್ತಿತ್ತು. ಅವಳು ಚಿಲಕ ಹಾಕಿ, ಎಳೆದು ನೋಡಿ, ಒಳಗೆ ಹೋದಳು. ಮಾಡದಲ್ಲಿ ಡಬ್ಬಿ ಅದರ ಜಾಗದಲ್ಲಿಯೇ ಇತ್ತು. ಮಗಳ ಪರೀಕ್ಷೆಯ ಶುಲ್ಕ ಆ ವರ್ಷ ಅದರಿಂದಲೇ ಸಂದಿತು.